ಇವತ್ತಿನ ದಿನಾಂಕ ಯಾರದು? ಸ್ಯಾಪ್‌ನ ಸಿಸ್ಟಮ್ ವೇರಿಯಬಲ್‌ಗಳ ಬಗ್ಗೆ

ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಮತ್ತು ಬಿ.ಕಾಂ. ವಿದ್ಯಾರ್ಥಿಗಳ ಎದುರು ಮಾಡಿದ ಉಪನ್ಯಾಸದ ಬರಹ ರೂಪ

ಒಂದು ಲೆಕ್ಕ ಕೊಡುತ್ತೇನೆ. ಏಪ್ರಿಲ್ 1, ರಾತ್ರಿ ಒಂದು ಗಂಟೆ. ಗೋಕುಲ ರಸ್ತೆಯ ಒಂದು ಕಾರ್ಖಾನೆಯಿಂದ ಲಾರಿ ಹೊರಡಬೇಕು. ಡಿಸ್ಪ್ಯಾಚ್‌ನಲ್ಲಿ ಕೂತವರು ಇನ್‌ವಾಯ್ಸ್ ಮಾಡುತ್ತಾರೆ. ಕಂಪನಿಯ ಮೂಲ ಜರ್ಮನಿ, ಲೆಕ್ಕ, ಬಿಲ್ಲು, ಸರಕು ಎಲ್ಲವನ್ನೂ ನೋಡಿಕೊಳ್ಳುವ ಸ್ಯಾಪ್ ಸಾಫ್ಟ್‌ವೇರಿನ ಸರ್ವರ್ ಇರುವುದೂ ಅಲ್ಲೇ ಅಂತ ಇಟ್ಟುಕೊಳ್ಳಿ. ಇನ್‌ವಾಯ್ಸ್ ಮೇಲೆ ಯಾವ ದಿನಾಂಕ ಬೀಳುತ್ತದೆ?

ಏಪ್ರಿಲ್ 1 ಅಂದವರೇ ಜಾಸ್ತಿ. ಪ್ರೋಗ್ರಾಂ ಬರೆದವರು ಇವತ್ತಿನ ದಿನಾಂಕ ಹೇಳುವ ಸೈ-ಡೇಟಮ್ ಅನ್ನುವ ವೇರಿಯಬಲ್ಲನ್ನು ಎತ್ತಿ ಹಾಗೇ ಹಾಕಿದ್ದರೆ ಬೀಳುವುದು ಮಾರ್ಚ್ 31. ಆ ಹೊತ್ತಿಗೆ ಜರ್ಮನಿಯಲ್ಲಿ ಇನ್ನೂ ರಾತ್ರಿ ಒಂಬತ್ತೂವರೆ. ಯುರೋಪಿನಲ್ಲಿ ಮಾರ್ಚ್ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಹಾಗಾಗಿ ಏಪ್ರಿಲ್‌ನಲ್ಲಿ ನಮಗೂ ಅವರಿಗೂ ಮೂರೂವರೆ ಗಂಟೆ ಅಂತರ. ಚಳಿಗಾಲದಲ್ಲಿ ಅದು ನಾಲ್ಕೂವರೆ.

ಒಂದು ದಿನ ಆಚೀಚೆ ಆದರೆ ಏನಾಯಿತು ಅಂತ ಇಂಜಿನಿಯರಿಂಗ್‌ನವರು ಕೇಳಬಹುದು. ಬಿ.ಕಾಂ. ಓದುವವರು ಕೇಳುವುದಿಲ್ಲ. ಬದಲಾದದ್ದು ಒಂದು ದಿನ ಮಾತ್ರ ಅಲ್ವಲ್ಲ, ಹಣಕಾಸು ವರ್ಷವೇ ಬದಲಾಯಿತು. ಭಾರತದ ಕಂಪನಿಗಳು ಸ್ಯಾಪ್‌ನಲ್ಲಿ ಸಾಮಾನ್ಯವಾಗಿ ವಿ3 ಅನ್ನುವ ಫಿಸ್ಕಲ್ ಇಯರ್ ವೇರಿಯಂಟ್, ಅಂದರೆ ಹಣಕಾಸು ವರ್ಷದ ಮಾದರಿ, ಇಟ್ಟುಕೊಳ್ಳುತ್ತವೆ. ಅದರಲ್ಲಿ ಏಪ್ರಿಲ್ ಅಂದರೆ ಒಂದನೇ ಪೀರಿಯಡ್, ಮಾರ್ಚ್ ಅಂದರೆ ಹನ್ನೆರಡನೇದು. ಈ ಬಿಲ್ಲು ಹೋದ ವರ್ಷದ ಹನ್ನೆರಡನೇ ಪೀರಿಯಡ್‌ಗೆ ಹೋಗಿ ಕೂತಿತು. ಜಿಎಸ್‌ಟಿ ನಿಯಮದ ಪ್ರಕಾರ ಇನ್‌ವಾಯ್ಸ್ ನಂಬರ್ 16 ಅಕ್ಷರ ಮೀರಬಾರದು, ಒಂದು ಹಣಕಾಸು ವರ್ಷದೊಳಗೆ ಮತ್ತೆ ಬರಬಾರದು. ಅದಕ್ಕೇ ಬಹಳ ಕಂಪನಿಗಳು ಏಪ್ರಿಲ್ 1ಕ್ಕೆ ಹೊಸ ಸರಣಿ ಶುರು ಮಾಡುತ್ತವೆ. ಈ ಲಾರಿಯ ಬಿಲ್ಲಿಗೆ ಸಿಕ್ಕಿದ್ದು ಹಳೇ ಸರಣಿಯ ನಂಬರ್. ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1ರಲ್ಲಿ ಅದು ಮಾರ್ಚ್ ಲೆಕ್ಕಕ್ಕೆ ಹೋಗುತ್ತದೆ. ಸರಕು ಗೇಟು ದಾಟಿದ್ದು ಏಪ್ರಿಲ್‌ನಲ್ಲಿ. ಇಷ್ಟಕ್ಕೆಲ್ಲ ಕಾರಣ ಒಂದೇ ಒಂದು ಸಾಲಿನ ಕೋಡು. ಆ ಸಾಲಿನಲ್ಲಿ ತಪ್ಪು ಹುಡುಕಿದರೆ ಸಿಗುವುದಿಲ್ಲ. ಸೈ-ಡೇಟಮ್ ಸುಳ್ಳು ಹೇಳಲಿಲ್ಲ. ತನ್ನೂರಿನ ದಿನಾಂಕ ಹೇಳಿತು.

ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ. ಸಿಸ್ಟಮ್ ವೇರಿಯಬಲ್ ಒಂದು ಉತ್ತರ ಕೊಟ್ಟಾಗ ಅದು ಯಾರ ಉತ್ತರ, ಯಾವ ಕ್ಷಣದ್ದು ಅಂತ ಕೇಳುವ ಅಭ್ಯಾಸ ಇರಬೇಕು.

ಮೊದಲು ಇವು ಏನು ಅಂತ ಸ್ವಲ್ಪ ನೋಡೋಣ. ಸ್ಯಾಪ್ ಕಂಪನಿಯನ್ನು 1972ರಲ್ಲಿ ಐಬಿಎಂ ಬಿಟ್ಟು ಬಂದ ಐದು ಜನ ಜರ್ಮನಿಯಲ್ಲಿ ಕಟ್ಟಿದರು. 1992ರಲ್ಲಿ ಆರ್/3 ಅನ್ನುವ ಅವರ ಸಾಫ್ಟ್‌ವೇರ್ ಬಂತು. ಅದರ ಮೇಲೆ ಪ್ರೋಗ್ರಾಂ ಬರೆಯುವ ಭಾಷೆ ಅಬಾಪ್. ಒಂದೇ ಪ್ರೋಗ್ರಾಮನ್ನು ಒಂದೇ ಹೊತ್ತಿಗೆ ಸಾವಿರಾರು ಜನ, ಬೇರೆ ಬೇರೆ ದೇಶದಿಂದ, ಬೇರೆ ಬೇರೆ ಭಾಷೆಯಲ್ಲಿ ಓಡಿಸುತ್ತಾರೆ. ನನ್ನನ್ನು ಈಗ ಓಡಿಸುತ್ತಿರುವವರು ಯಾರು, ಯಾವ ಕ್ಲೈಂಟ್‌ನಲ್ಲಿದ್ದೇನೆ (ಒಂದೇ ಸಿಸ್ಟಮ್‌ನೊಳಗೆ ಡೇಟಾ ಬೇರೆ ಬೇರೆ ಇಡುವ ಭಾಗ), ಗಂಟೆ ಎಷ್ಟು, ಈಗ ಮಾಡಿದ ಕೆಲಸ ಆಯಿತೋ ಇಲ್ಲವೋ ಅಂತ ಪ್ರೋಗ್ರಾಂಗೆ ಗೊತ್ತಾಗಬೇಕಲ್ಲ? ಅದಕ್ಕೆ ರನ್‌ಟೈಮ್, ಅಂದರೆ ಪ್ರೋಗ್ರಾಮನ್ನು ಓಡಿಸುವ ವ್ಯವಸ್ಥೆ, ತಾನೇ ತುಂಬಿಡುವ ವೇರಿಯಬಲ್‌ಗಳಿವೆ. ನಾವು ಡಿಕ್ಲೇರ್ ಮಾಡಬೇಕಿಲ್ಲ, ಪ್ರೋಗ್ರಾಂ ಶುರುವಾದಾಗಲೇ ಇರುತ್ತವೆ. ಅಬಾಪ್‌ನಲ್ಲಿ ಇವಕ್ಕೆ ಸಿಸ್ಟಮ್ ಫೀಲ್ಡ್ ಅನ್ನುತ್ತಾರೆ. ಡಿಕ್ಷನರಿಯಲ್ಲಿ ಸಿಸ್ಟ್ ಅನ್ನುವ ಸ್ಟ್ರಕ್ಚರ್ ತೆರೆದರೆ ಎಲ್ಲವೂ ಸಾಲಾಗಿ ಕಾಣುತ್ತವೆ. ಬರೆಯುವಾಗ ಎಸ್, ವೈ, ಹೈಫನ್. ಬಾಯಲ್ಲಿ ಸೈ ಅನ್ನುತ್ತೇವೆ.

ಆ ಸ್ಟ್ರಕ್ಚರ್‌ನಲ್ಲಿ ನೂರಕ್ಕೂ ಜಾಸ್ತಿ ಫೀಲ್ಡ್‌ಗಳಿವೆ. ಗಾಬರಿ ಬೇಡ. ಅರ್ಧಕ್ಕರ್ಧ ಹಳೇ ಕಾಲದವು, ಇಲ್ಲವೇ ಸ್ಯಾಪ್‌ನವರ ಒಳಗಿನ ಕೆಲಸಕ್ಕೆ ಇರುವಂಥವು. ನನ್ನ ಪ್ರಕಾರ ಹತ್ತು ಚೆನ್ನಾಗಿ ಗೊತ್ತಿದ್ದರೆ ಸಾಕು. ಇನ್ನೊಂದು ವಿಚಿತ್ರ ಇದೆ. ಇವು ಹೆಸರಿಗೆ ಸಿಸ್ಟಮ್‌ನವು, ಆದರೆ ನಾವು ಬರೆದರೂ ಬರೆಸಿಕೊಳ್ಳುತ್ತವೆ. ಸೈ-ಡೇಟಮ್‌ಗೆ ನೀವೇ ಒಂದು ದಿನಾಂಕ ಹಾಕಿದರೆ ಕಂಪೈಲರ್ ತಡೆಯುವುದಿಲ್ಲ. ಓದಲಿಕ್ಕೆ ಮಾತ್ರ ಬಳಸಿ ಅಂತ ಕೈಪಿಡಿ ಹೇಳುತ್ತದೆ, ಅಷ್ಟೇ. ಹೇಳಿ ಬಿಡುವ ಬದಲು ಬೀಗ ಹಾಕಿದ್ದರೆ ಚೆನ್ನಾಗಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ದಿನಾಂಕದ ವಿಷಯ ಇನ್ನೂ ಮುಗಿದಿಲ್ಲ. ಸೈ-ಡೇಟಮ್ ಎಂಟು ಅಂಕಿ: ವರ್ಷ, ತಿಂಗಳು, ದಿನ. ಸೈ-ಯುಝೈಟ್ ಆರು ಅಂಕಿ: ಗಂಟೆ, ನಿಮಿಷ, ಸೆಕೆಂಡು. ಎರಡೂ ಸರ್ವರ್ ಇರುವ ಟೈಮ್ ಝೋನ್‌ನವು. ಬಳಕೆದಾರರ ಕಡೆಯದು ಬೇಕಾದರೆ ಸೈ-ಡಾಟ್ಲೋ, ಸೈ-ಟಿಮ್ಲೋ ಇವೆ. ಯಾವ ಝೋನ್ ಅಂತ ಸೈ-ಝೋನ್ಲೋ ಹೇಳುತ್ತದೆ. ಹಾಗಾದರೆ ಡೇಟಮ್ ಇದ್ದಲ್ಲೆಲ್ಲ ಡಾಟ್ಲೋ ಹಾಕಿದರೆ ಆಯಿತಲ್ಲ?

ಆಗುವುದಿಲ್ಲ. ಡಾಟ್ಲೋ ನೋಡುವುದು ಬಳಕೆದಾರರ ಮಾಸ್ಟರ್ ರೆಕಾರ್ಡಿನಲ್ಲಿ ಬರೆದ ಟೈಮ್ ಝೋನನ್ನು. ಅಲ್ಲಿ ಖಾಲಿ ಬಿಟ್ಟಿದ್ದರೆ ಮತ್ತೆ ಸಿಸ್ಟಮ್‌ನ ಡೀಫಾಲ್ಟ್ ಝೋನೇ ಗತಿ. ಅದಿರಲಿ, ಎದುರಿಗೆ ಯಾರೂ ಇಲ್ಲದೆ ರಾತ್ರಿ ತಾನೇ ಓಡುವ ಬ್ಯಾಕ್‌ಗ್ರೌಂಡ್ ಜಾಬ್ ನೋಡಿ. ಅದನ್ನು ಓಡಿಸುವುದು ಯಾವುದೋ ಒಂದು ಸರ್ವಿಸ್ ಯೂಸರ್. ಆ ಯೂಸರ್‌ಗೆ ಊರೂ ಇಲ್ಲ, ಮನೆಯೂ ಇಲ್ಲ. ಅದರ ಲೋಕಲ್ ದಿನಾಂಕ ಅಂದರೆ ಯಾರ ದಿನಾಂಕ?

ಇಲ್ಲಿ ಮುಂದಿನ ಸಾಲಿನಿಂದ ಒಬ್ಬರು ಕೇಳಿದರು: "ಸರ, ಹಂಗಾದ್ರ ಯಾವ ದಿನಾಂಕ ನಂಬಬೇಕ್ರಿ?"

ಸರಕು ಎಲ್ಲಿಂದ ಹೊರಟಿತೋ ಆ ಜಾಗದ್ದು. ಬಿಲ್ಲಿಗೆ ಬೇಕಾದದ್ದು ಸರ್ವರ್‌ನ ದಿನಾಂಕವೂ ಅಲ್ಲ, ಬಳಕೆದಾರರದ್ದೂ ಅಲ್ಲ, ಕಾರ್ಖಾನೆಯದ್ದು. ಹಾಗಾಗಿ ಗೆಟ್ ಟೈಮ್ ಸ್ಟ್ಯಾಂಪ್ ಅಂತ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ ತೆಗೆದುಕೊಳ್ಳಿ. ಕಾರ್ಖಾನೆಯ ಝೋನ್ ಕೊಟ್ಟು ಕನ್ವರ್ಟ್ ಮಾಡಿ. ನಮ್ಮ ಝೋನಿನ ಹೆಸರು ಸ್ಯಾಪ್‌ನಲ್ಲಿ ಇಂಡಿಯಾ ಅಂತಲೇ ಇದೆ. ಎರಡು ಸಾಲು ಜಾಸ್ತಿ ಬರೆಯಬೇಕು, ಅಷ್ಟೇ. ಆಮೇಲೆ ಸರ್ವರ್ ಎಲ್ಲಿಗೆ ಹೋದರೂ, ಹುಬ್ಬಳ್ಳಿಯವರ ಬಿಲ್ಲನ್ನು ಪುಣೆಯಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ಕೂತವರು ಮಾಡಿದರೂ ದಿನಾಂಕ ಸರಿ ಇರುತ್ತದೆ.

ಇನ್ನೊಂದು ಮುಳ್ಳು. ಸೈ-ಡೇಟಮ್ ಗೋಡೆ ಗಡಿಯಾರದ ಹಾಗೆ ಓಡುತ್ತಿರುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಇಲ್ಲ. ಪ್ರೋಗ್ರಾಂ ಶುರುವಾದಾಗ ಒಮ್ಮೆ ತುಂಬುತ್ತದೆ. ಸ್ಕ್ರೀನ್ ಬಳಕೆದಾರರಿಗೆ ಹೋದಾಗ ಹೊಸದಾಗುತ್ತದೆ. ಹನ್ನೊಂದೂ ಮುಕ್ಕಾಲಿಗೆ ಶುರುವಾಗಿ ಎರಡು ಗಂಟೆವರೆಗೆ ಓಡುವ ಜಾಬಿನಲ್ಲಿ ಸ್ಕ್ರೀನೇ ಇರುವುದಿಲ್ಲ. ಗೆಟ್ ಟೈಮ್ ಅಂತ ನೀವೇ ಹೇಳದಿದ್ದರೆ ಮಧ್ಯರಾತ್ರಿ ದಾಟಿದರೂ ಅದಕ್ಕೆ ನಿನ್ನೆಯೇ. ಇದು ಕೆಲವು ಸಲ ಒಳ್ಳೆಯದೇ. ಒಂದು ಜಾಬಿನ ಎಲ್ಲ ದಾಖಲೆಗಳಿಗೂ ಒಂದೇ ದಿನಾಂಕ ಇರಲಿ ಅನ್ನುವವರಿಗೆ ಅನುಕೂಲ. ಆದರೆ ಅದನ್ನು ಬೇಕೆಂದು ಆರಿಸಿಕೊಳ್ಳಬೇಕು. ಶುರುವಿನಲ್ಲೇ ನಿಮ್ಮ ಸ್ವಂತ ವೇರಿಯಬಲ್‌ಗೆ ತೆಗೆದಿಟ್ಟುಕೊಳ್ಳಿ, ಕೊನೆವರೆಗೆ ಅದನ್ನೇ ಬಳಸಿ. ಮಧ್ಯೆ ಯಾವುದೋ ಫಂಕ್ಷನ್ ಒಳಗೆ ಯಾರೋ ಗೆಟ್ ಟೈಮ್ ಬರೆದಿದ್ದರೂ ನಿಮ್ಮದು ಕದಲುವುದಿಲ್ಲ.

ಟ್ಯಾಲಿ ಮಾತು ಇಲ್ಲಿ ಬರಲೇಬೇಕು. ದುರ್ಗದ ಬೈಲಿನ ಅಂಗಡಿಯಿಂದ ಅಮರಗೋಳದ ಎಪಿಎಂಸಿವರೆಗೆ ಲೆಕ್ಕ ಅಂದರೆ ಟ್ಯಾಲಿ. ನೀವು ಎಫ್2 ಒತ್ತಿ ದಿನಾಂಕ ಬದಲಿಸುತ್ತೀರಿ ಅಲ್ವಾ? ಒಳಗೆ ಅದು ಎಸ್‌ವಿ ಕರೆಂಟ್ ಡೇಟ್ ಅನ್ನುವ ಸಿಸ್ಟಮ್ ವೇರಿಯಬಲ್. ಕಂಪ್ಯೂಟರಿನ ಗಡಿಯಾರದ ದಿನಾಂಕ ಬೇಕಾದರೆ ಮೆಷಿನ್ ಡೇಟ್ ಅನ್ನುವ ಬೇರೆಯೇ ಫಂಕ್ಷನ್ ಇದೆ. ಮೈಕ್ರೋಸಾಫ್ಟ್‌ನ ಬಿಸಿನೆಸ್ ಸೆಂಟ್ರಲ್ ಅನ್ನುವ ಲೆಕ್ಕದ ಸಾಫ್ಟ್‌ವೇರಿನಲ್ಲೂ ಹೀಗೇ: ವರ್ಕ್‌ಡೇಟ್ ಒಂದು, ಟುಡೇ ಇನ್ನೊಂದು. ಲೆಕ್ಕದವರ ದಿನವೇ ಬೇರೆ, ಗಡಿಯಾರದ ದಿನವೇ ಬೇರೆ ಅನ್ನುವುದು ಈ ಎರಡು ಕಡೆಯೂ ಹೆಸರಿನಲ್ಲೇ ಕಾಣುತ್ತದೆ. ಸ್ಯಾಪ್‌ನಲ್ಲಿ ಅದು ದಾಖಲೆಯ ಮಟ್ಟದಲ್ಲಿದೆ. ಡಾಕ್ಯುಮೆಂಟ್ ದಿನಾಂಕ, ಪೋಸ್ಟಿಂಗ್ ದಿನಾಂಕ, ಎಂಟ್ರಿ ದಿನಾಂಕ ಅಂತ ಮೂರು ಇವೆ. ಪೋಸ್ಟಿಂಗ್ ದಿನಾಂಕವೇ ಪೀರಿಯಡ್ ನಿರ್ಧರಿಸುವುದು. ಅದಕ್ಕೆ ಸೈ-ಡೇಟಮ್ಮನ್ನು ಕಣ್ಣು ಮುಚ್ಚಿ ತುಂಬಿದಾಗಲೇ ಆ ಲಾರಿಯ ಕತೆ ಆಗುವುದು.

ಈಗ ಸೈ-ಸಬ್‌ಆರ್‌ಸಿ. ಅಬಾಪ್ ಬರೆಯುವವರು ದಿನಕ್ಕೆ ಹೆಚ್ಚು ಸಲ ಟೈಪ್ ಮಾಡುವ ಹೆಸರು ಇದೇ ಇರಬೇಕು. ಒಂದು ಆದೇಶ ಮುಗಿದ ಮೇಲೆ ಅದರ ಫಲ ಇದರಲ್ಲಿ ಬರುತ್ತದೆ. 0 ಅಂದರೆ ಸಾಮಾನ್ಯವಾಗಿ ಕೆಲಸ ಆಯಿತು. ಡೇಟಾಬೇಸಿನಿಂದ ಸಾಲು ತರಲು ಸೆಲೆಕ್ಟ್ ಮಾಡಿದಾಗ ಒಂದೂ ಸಾಲು ಸಿಗದಿದ್ದರೆ 4. ಸಾರ್ಟ್ ಆದ ಟೇಬಲ್ಲಿನಲ್ಲಿ ಹುಡುಕಿದಾಗ ಇಲ್ಲದಿದ್ದರೆ 4, ಹುಡುಕಿದ್ದು ಕೊನೆಯ ಸಾಲಿಗಿಂತಲೂ ಆಚೆ ಬರುವಂಥದ್ದಾದರೆ 8. ಅಂದರೆ ಒಂದೊಂದು ಆದೇಶಕ್ಕೆ ಒಂದೊಂದು ಅರ್ಥ. 4 ಅಂದರೆ ಎಲ್ಲ ಕಡೆ ಒಂದೇ ಅಂತ ಬಾಯಿಪಾಠ ಮಾಡಿದರೆ ಕೆಟ್ಟಿರಿ.

ಇದನ್ನು ಮಾರುಕಟ್ಟೆಯ ಕರಿಹಲಗೆ ಅಂದುಕೊಳ್ಳಿ. ಹಲಗೆ ಒಂದೇ. ಬಂದವರೆಲ್ಲ ಹಿಂದಿನದನ್ನು ಒರೆಸಿ ತಮ್ಮದನ್ನು ಬರೆದು ಹೋಗುತ್ತಾರೆ. ನೀವು ತಡವಾಗಿ ಓದಿದರೆ ಬೇರೆಯವರ ದರ ಓದುತ್ತೀರಿ.

ಕೋಡಿನಲ್ಲಿ ಹೀಗಾಗುತ್ತದೆ. ಗ್ರಾಹಕರ ದಾಖಲೆಗಾಗಿ ಸೆಲೆಕ್ಟ್ ಹಾಕಿದಿರಿ. ಸಿಗಲಿಲ್ಲ, ಸಬ್‌ಆರ್‌ಸಿ 4. ಕೆಲವು ತಿಂಗಳ ಮೇಲೆ ಯಾರೋ ಬಂದು, ಸೆಲೆಕ್ಟ್‌ಗೂ ನಿಮ್ಮ ಇಫ್‌ಗೂ ನಡುವೆ ಲಾಗ್ ಬರೆಯುವ ಒಂದು ಮೆಥಡ್ ಕಾಲ್ ಸೇರಿಸುತ್ತಾರೆ. ಒಳ್ಳೆಯ ಉದ್ದೇಶವೇ. ಮೆಥಡ್ ತೊಂದರೆ ಇಲ್ಲದೆ ಮುಗಿಯಿತು, ಸಬ್‌ಆರ್‌ಸಿ 0 ಆಯಿತು. ಕೆಳಗಿನ ಇಫ್ ನೋಡಿ ಗ್ರಾಹಕರು ಸಿಕ್ಕಿದರು ಅಂದಿತು. ಖಾಲಿ ವಿಳಾಸಕ್ಕೆ ಬಿಲ್ಲು ಹೋಯಿತು. ಇಬ್ಬರು ಬರೆದ ಕೋಡೂ ಬೇರೆ ಬೇರೆ ಇಟ್ಟು ನೋಡಿದರೆ ಸರಿಯೇ! ಆದ್ದರಿಂದ ಆದೇಶದ ಮರುಸಾಲಿನಲ್ಲೇ ಪರೀಕ್ಷಿಸಿ, ಇಲ್ಲವೇ ಮರುಸಾಲಿನಲ್ಲೇ ಸ್ವಂತ ವೇರಿಯಬಲ್‌ಗೆ ಎತ್ತಿಟ್ಟುಕೊಳ್ಳಿ. ಸುಮ್ನೆ ಒಂದು ವೇರಿಯಬಲ್ಲಿನ ಬೆಲೆಯನ್ನು ಇನ್ನೊಂದಕ್ಕೆ ಹಾಕಿದರೆ ಸಬ್‌ಆರ್‌ಸಿ ಬದಲಾಗುವುದಿಲ್ಲ, ಹಾಗಾಗಿ ಎತ್ತಿಡುವುದರಿಂದ ಏನೂ ಕೆಡುವುದಿಲ್ಲ.

ಬದಲಾವಣೆಗಳನ್ನು ಡೇಟಾಬೇಸಿನಲ್ಲಿ ಕಾಯಂ ಮಾಡುವ ಕಮಿಟ್ ವರ್ಕ್ ಬರೆದು ಕೆಳಗೆ ಸಬ್‌ಆರ್‌ಸಿ ನೋಡುವವರಿದ್ದಾರೆ. ಬರೀ ಕಮಿಟ್ ವರ್ಕ್ ಯಾವಾಗಲೂ 0 ಕೊಡುತ್ತದೆ. ಅಪ್ಡೇಟ್ ಕೆಲಸ ನಿಜವಾಗಿ ಆಯಿತಾ ಅಂತ ತಿಳಿಯಬೇಕಾದರೆ ಆ್ಯಂಡ್ ವೇಟ್ ಸೇರಿಸಬೇಕು. ಆಗ ಸೋತರೆ 4 ಬರುತ್ತದೆ.

ಇದಕ್ಕಿಂತ ಗಂಭೀರವಾದದ್ದು ಅಥಾರಿಟಿ-ಚೆಕ್. ಈ ಬಳಕೆದಾರರಿಗೆ ಈ ಕಂಪನಿಯ ಲೆಕ್ಕ ನೋಡುವ ಹಕ್ಕಿದೆಯೇ ಅಂತ ಕೇಳುವ ಆದೇಶ ಅದು. ಹೆಸರು ನೋಡಿದರೆ ಬಾಗಿಲಲ್ಲಿ ತಡೆಯುತ್ತದೆ ಅನ್ನಿಸುತ್ತದೆ. ಅದು ಯಾರನ್ನೂ ತಡೆಯುವುದಿಲ್ಲ. ಹಕ್ಕಿದ್ದರೆ ಸಬ್‌ಆರ್‌ಸಿಗೆ 0, ಇಲ್ಲದಿದ್ದರೆ ಬೇರೆ ಅಂಕಿ ಹಾಕಿ ಸುಮ್ಮನೆ ಮುಂದಿನ ಸಾಲಿಗೆ ಹೋಗುತ್ತದೆ. ಕೆಳಗೆ ಇಫ್ ಬರೆದು ನಿಲ್ಲಿಸಬೇಕಾದವರು ನೀವು. ಅದನ್ನು ಮರೆತರೆ ಕೋಡಿನಲ್ಲಿ ಚೆಕ್ ಇದೆ, ಆಡಿಟ್‌ಗೆ ತೋರಿಸಲಿಕ್ಕೂ ಇದೆ, ಸಂಬಳದ ಪಟ್ಟಿ ಮಾತ್ರ ಎಲ್ಲರಿಗೂ ತೆರೆದಿದೆ.

ಇದಕ್ಕೆ ಒಳ್ಳೆಯ ದಾರಿ ಬಂದಿಲ್ಲವಾ ಅಂದರೆ ಬಂದಿದೆ. 6.10 ಬಿಡುಗಡೆಯಿಂದ ಕ್ಲಾಸ್ ಆಧಾರಿತ ಎಕ್ಸೆಪ್ಶನ್‌ಗಳಿವೆ, ಅಂದರೆ ತಪ್ಪಾದಾಗ ಏಳುವ ಸೂಚನೆಗಳು. 7.40ರಲ್ಲಿ ಬಂದ ಟೇಬಲ್ ಎಕ್ಸ್‌ಪ್ರೆಶನ್ ಬಳಸಿದರೆ, ಸಾಲು ಸಿಗದಿದ್ದಾಗ ಎಕ್ಸೆಪ್ಶನ್ ಎದ್ದು ನಿಲ್ಲುತ್ತದೆ. ಹಿಡಿಯದಿದ್ದರೆ ಪ್ರೋಗ್ರಾಮೇ ನಿಲ್ಲುತ್ತದೆ. ತಪ್ಪು ಉತ್ತರದ ಮೇಲೆ ಮುಂದುವರಿಯುವುದಕ್ಕಿಂತ ನಿಲ್ಲುವುದೇ ವಾಸಿ ಅನ್ನುವ ಪಕ್ಷ ನನ್ನದು. ಆದರೆ ಈ ಸುತ್ತಿನ ಕಂಪನಿಗಳಲ್ಲಿ ನಿಮ್ಮ ಕೈಗೆ ಬರುವುದು ಇಪ್ಪತ್ತು ವರ್ಷದ ಹಳೇ ಕೋಡು. ಸಬ್‌ಆರ್‌ಸಿ ಬಿಡುವುದಿಲ್ಲ.

ಈಗ ಬ್ಯಾಡಗಿಗೆ ಹೋಗೋಣ. ಹಾವೇರಿ ಕಡೆಯವರು ಇಲ್ಲಿ ಬಹಳ ಜನ ಇದ್ದೀರಿ, ಮೆಣಸಿನಕಾಯಿ ನಾನು ವಿವರಿಸಬೇಕಿಲ್ಲ. ಲಾಟ್‌ಗಳ ಒಂದು ಇಂಟರ್ನಲ್ ಟೇಬಲ್ (ಪ್ರೋಗ್ರಾಂ ಓಡುವಾಗ ಮೆಮೊರಿಯಲ್ಲಿ ಇಟ್ಟುಕೊಳ್ಳುವ ಪಟ್ಟಿ) ಇದೆ: ಲಾಟ್ ನಂಬರ್, ರೈತರ ಹೆಸರು, ತಳಿ, ದರ. ದರದ ಕಾಲಂ ಖಾಲಿ. ಇನ್ನೊಂದು ಟೇಬಲ್ಲಿನಲ್ಲಿ ತಳಿಗೊಂದರಂತೆ ಎರಡೇ ಸಾಲು. ಮೊದಲನೆಯದು ಡಬ್ಬಿ, ಎರಡನೆಯದು ಕಡ್ಡಿ, ಪಕ್ಕದಲ್ಲಿ ದರ. ನಿಜವಾದ ಪೇಟೆಯಲ್ಲಿ ಲಾಟ್ ಲಾಟಿಗೂ ದರ ಬೇರೆ ಅಂತ ದಲಾಲಿ ಮನೆಯವರು ನಗಬೇಡಿ, ಉದಾಹರಣೆಗೆ ಸರಳ ಮಾಡಿದ್ದೇನೆ.

ಲಾಟ್ ಟೇಬಲ್ ಮೇಲೆ ಲೂಪ್. ಪ್ರತಿ ಸುತ್ತಿನಲ್ಲೂ ಈಗ ಎಷ್ಟನೇ ಸಾಲು ಅಂತ ಸೈ-ಟಾಬಿಕ್ಸ್ ಹೇಳುತ್ತದೆ. ಒಳಗೆ ರೀಡ್ ಟೇಬಲ್ ಹಾಕಿ ದರದ ಟೇಬಲ್ಲಿನಲ್ಲಿ ತಳಿ ಹುಡುಕಿದಿರಿ. ದರ ಸಿಕ್ಕಿತು. ಆಮೇಲೆ ಈ ಸಾಲನ್ನು ಲಾಟ್ ಟೇಬಲ್ಲಿನಲ್ಲಿ ಸೈ-ಟಾಬಿಕ್ಸ್ ಜಾಗಕ್ಕೆ ಮಾಡಿಫೈ ಮಾಡಿದಿರಿ. ನೋಡಲಿಕ್ಕೆ ಎಷ್ಟು ಸರಿಯಾಗಿದೆ! ಆದರೆ ನಡುವೆ ರೀಡ್ ಟೇಬಲ್ ಬಂದು ಟಾಬಿಕ್ಸ್‌ಗೆ ತನ್ನ ಸಾಲಿನ ಸಂಖ್ಯೆ ಹಾಕಿಬಿಟ್ಟಿದೆ.

ಕಾಗದದ ಮೇಲೆ ಮಾಡಿ ನೋಡಿ. ಒಂದನೇ ಲಾಟ್ ಡಬ್ಬಿ. ದರ ಒಂದನೇ ಸಾಲಿನಲ್ಲಿ ಸಿಕ್ಕಿತು, ಬರೆದದ್ದು ಒಂದಕ್ಕೇ. ಸರಿ. ಎರಡನೇ ಲಾಟ್ ಕಡ್ಡಿ. ಎರಡನೇ ಸಾಲಿನಲ್ಲಿ ಸಿಕ್ಕಿತು, ಎರಡಕ್ಕೇ ಬರೆಯಿತು. ಸರಿ. ಮೂರನೇ ಲಾಟ್ ಮತ್ತೆ ಡಬ್ಬಿ. ಟಾಬಿಕ್ಸ್ ಈಗ 1. ಮೂರನೇ ಲಾಟಿನ ಇಡೀ ಸಾಲು ಹೋಗಿ ಒಂದನೇ ಸಾಲಿನ ಮೇಲೆ ಕೂತಿತು. ಒಂದನೇ ಲಾಟಿನ ರೈತರ ಹೆಸರು ಮಾಯ. ಮೂರನೇ ಲಾಟಿನವರು ಎರಡು ಕಡೆ ಬಂದರು, ಒಂದು ಕಡೆ ದರ ಇದೆ, ಇನ್ನೊಂದು ಕಡೆ ಇಲ್ಲ. ಹೀಗೇ ಕೊನೆವರೆಗೂ. ಮೊದಲ ಸಾಲಿನಲ್ಲಿ ಕೊನೆಯ ಡಬ್ಬಿ, ಎರಡನೇ ಸಾಲಿನಲ್ಲಿ ಕೊನೆಯ ಕಡ್ಡಿ, ಉಳಿದವರಿಗೆಲ್ಲ ದರ ಸೊನ್ನೆ.

ಇದರಲ್ಲಿ ನನಗೆ ಬಹಳ ಕಾಡುವ ಅಂಶ ಬೇರೆ. ಪರೀಕ್ಷೆಗೆ ಅಂತ ಎರಡೇ ಲಾಟ್ ಹಾಕಿದ್ದರೆ, ಒಂದು ಡಬ್ಬಿ ಒಂದು ಕಡ್ಡಿ, ಎಲ್ಲ ಸರಿ ಬರುತ್ತದೆ. ಟೆಸ್ಟ್ ಪಾಸ್. ಲೈವ್‌ಗೆ ಹೋದ ದಿನವೇ ಗೊತ್ತಾಗುವುದು. ಲೂಪಿನ ಮೊದಲ ಸಾಲಿನಲ್ಲೇ ಟಾಬಿಕ್ಸನ್ನು ಎತ್ತಿಟ್ಟುಕೊಂಡರೆ ಮುಗಿಯಿತು. ಅದಕ್ಕಿಂತ ಚೆಂದ, ಟೇಬಲ್ಲಿನ ಸಾಲನ್ನೇ ನೇರ ತೋರಿಸುವ ಫೀಲ್ಡ್ ಸಿಂಬಲ್‌ಗೆ ಅಸೈನ್ ಮಾಡಿ ಲೂಪ್ ಓಡಿಸಿ, ಸಾಲನ್ನು ಇದ್ದಲ್ಲೇ ತಿದ್ದಿ. ಟಾಬಿಕ್ಸ್ ಬೇಕಾಗುವುದೇ ಇಲ್ಲ. ಟೆಸ್ಟ್ ಮಾಡುವವರು ಒಂದೇ ತಳಿಯ ಲಾಟ್‌ಗಳನ್ನು ಕನಿಷ್ಠ ಎರಡಾದರೂ ಹಾಕಿ.

ಸೈ-ಯುನೇಮ್ ಬಗ್ಗೆ ಸ್ವಲ್ಪ. ಲಾಗಿನ್ ಹೆಸರು ಕೊಡುತ್ತದೆ. ಇದನ್ನು ಇಫ್ ಒಳಗೆ ಹಾಕಿ, ಈ ಹೆಸರಿನವರಾದರೆ ಬಿಡು ಅಂತ ಬರೆದ ಕೋಡು ನೋಡಿದ ಕೂಡಲೇ ಅಳಿಸಿ. ಆ ಮನುಷ್ಯ ಕೆಲಸ ಬಿಟ್ಟ ಮೇಲೂ ಬಾಗಿಲು ತೆರೆದೇ ಇರುತ್ತದೆ. ಮೊದಲೇ ಹೇಳಿದೆನಲ್ಲ, ಈ ಫೀಲ್ಡ್‌ಗಳಿಗೆ ಬರೆಯಲು ಬರುತ್ತದೆ ಅಂತ. ಕೋಡಿನಲ್ಲೂ ಆಗಬಹುದು, ಡಿಬಗ್ಗರ್‌ನಲ್ಲೂ ಆಗಬಹುದು. ತಿದ್ದಲು ಬಾರದ ಉತ್ತರ ಬೇಕಾದರೆ ಸಿಎಲ್-ಅಬಾಪ್-ಸಿಸ್ಟ್ ಅನ್ನುವ ಕ್ಲಾಸಿನ ಮೆಥಡ್ ಕೇಳಿ. ಇನ್ನು ವೆಬ್ ಪೋರ್ಟಲ್ ಒಂದೇ ಸರ್ವಿಸ್ ಯೂಸರ್ ಇಟ್ಟುಕೊಂಡು ಒಳಗೆ ಬರುತ್ತಿದ್ದರೆ, ನೂರು ಜನ ಮಾಡಿದ ಆರ್ಡರ್‌ಗೂ ಯುನೇಮ್ ಒಂದೇ. ಮಾಡಿದವರು ಯಾರು ಅನ್ನುವುದನ್ನು ಬೇರೆ ಫೀಲ್ಡಿನಲ್ಲಿ ಕಳಿಸಲೇಬೇಕು.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಸೈ-ಲಾಂಗು ಲಾಗಿನ್ ಭಾಷೆ. ಬಿಲ್ಲು ಮುದ್ರಿಸುವಾಗ ಬೇಕಾದದ್ದು ಗ್ರಾಹಕರ ಭಾಷೆ, ಅದು ಗ್ರಾಹಕರ ಮಾಸ್ಟರ್‌ನಲ್ಲಿದೆ. ಸೈ-ಮ್ಯಾಂಟ್ ಕ್ಲೈಂಟ್ ಸಂಖ್ಯೆ, ಮೂರು ಅಕ್ಷರ. ಎಸ್‌ಕ್ಯೂಎಲ್‌ನಲ್ಲಿ ನೀವು ಹಾಕದಿದ್ದರೂ ಅದು ತಾನೇ ಸೇರಿಕೊಳ್ಳುತ್ತದೆ, ಮೈ ಮೇಲೆ ಹಾಕಿಕೊಳ್ಳಬೇಡಿ. ಸೈ-ಡಿಬಿಸಿಎನ್‌ಟಿ ಡೇಟಾಬೇಸಿನಲ್ಲಿ ಎಷ್ಟು ಸಾಲು ಮುಟ್ಟಿದಿರಿ ಅಂತ ಹೇಳುತ್ತದೆ. ಒಂದು ಸಾಲು ತಿದ್ದಲು ಹೋಗಿ ನಾಲ್ಕು ಸಾವಿರ ಬಂದರೆ ಕಮಿಟ್‌ಗೆ ಮುಂಚೆ ನಿಲ್ಲಿಸಲು ಇದೇ ಕೊನೆಯ ಅವಕಾಶ. ಸೈ-ಬ್ಯಾಚ್‌ನಲ್ಲಿ ಎಕ್ಸ್ ಇದ್ದರೆ ಬ್ಯಾಕ್‌ಗ್ರೌಂಡಿನಲ್ಲಿ ಓಡುತ್ತಿದ್ದೀರಿ, ಪಾಪ್‌ಅಪ್ ತೋರಿಸಲು ಎದುರಿಗೆ ಯಾರೂ ಇಲ್ಲ.

ಕ್ಲೌಡ್ ಬಗ್ಗೆ ಇಬ್ಬರು ಕೇಳಿದ್ದಾರೆ. ಹೊಸ ಅಬಾಪ್ ಕ್ಲೌಡ್ ಶೈಲಿಯಲ್ಲಿ ದಿನಾಂಕ, ಬಳಕೆದಾರರ ಹೆಸರು ಇವನ್ನು ಸೈ ಇಂದ ನೇರ ಓದುವ ಬದಲು ಸಿಎಲ್-ಅಬಾಪ್-ಕಾಂಟೆಕ್ಸ್ಟ್-ಇನ್ಫೋ ಅನ್ನುವ ಕ್ಲಾಸ್ ಮೂಲಕ ಕೇಳಬೇಕು. ಒಳ್ಳೆಯ ಬದಲಾವಣೆ. ಆದರೆ ಕ್ಲಾಸ್ ಬದಲಾದರೆ ದಿನಾಂಕ ನಿಮ್ಮದಾಗುವುದಿಲ್ಲ. ಸ್ಯಾಪ್‌ನ ಕ್ಲೌಡ್ ವೇದಿಕೆಯಾದ ಬಿಟಿಪಿಯ ಅಬಾಪ್ ಎನ್ವಿರಾನ್‌ಮೆಂಟ್‌ನಲ್ಲಿ ಸಿಸ್ಟಮ್ ಗಡಿಯಾರವೇ ಯುಟಿಸಿ. ಅಂದರೆ ನಮ್ಮಲ್ಲಿ ಮಧ್ಯರಾತ್ರಿಯಿಂದ ಬೆಳಗಿನ ಐದೂವರೆವರೆಗೆ ಸಿಸ್ಟಮ್ ದಿನಾಂಕ ನಿನ್ನೆಯದು. ವರ್ಷಕ್ಕೊಮ್ಮೆ ಅಲ್ಲ, ದಿನಾ! ಮೂರನೇ ಪಾಳಿ ಇರುವ ಕಾರ್ಖಾನೆಗೆ, ಬೆಳಗಿನ ಜಾವ ಡಿಪೋ ಬಿಡುವ ಬಸ್ಸಿಗೆ ಇದು ಎಷ್ಟು ದೊಡ್ಡ ಕಿಂಡಿ ಅಂತ ಲೆಕ್ಕ ಹಾಕಿ.

ಕೊನೆಗೆ ಒಬ್ಬ ಹುಡುಗಿ ಕೇಳಿದಳು: "ಇಂಟರ್‌ವ್ಯೂದಾಗ ಇದರ ಮ್ಯಾಲೆ ಏನ್ ಕೇಳ್ತಾರ್ರಿ ಸರ?"

ಟಾಬಿಕ್ಸ್‌ಗೂ ಸೈ-ಇಂಡೆಕ್ಸ್‌ಗೂ ವ್ಯತ್ಯಾಸ ಏನು ಅಂತ ಖಂಡಿತ ಕೇಳುತ್ತಾರೆ. ಟಾಬಿಕ್ಸ್ ಇಂಟರ್ನಲ್ ಟೇಬಲ್ಲಿನ ಸಾಲಿನ ಸಂಖ್ಯೆ. ಇಂಡೆಕ್ಸ್ ಡೂ ಮತ್ತು ವೈಲ್ ಲೂಪುಗಳ ಎಷ್ಟನೇ ಸುತ್ತು ಅನ್ನುವ ಎಣಿಕೆ. ಇಷ್ಟು ಎಲ್ಲರೂ ಹೇಳುತ್ತಾರೆ. ಸ್ವಲ್ಪ ಅನುಭವ ಇರುವವರು ಎದುರಿಗೆ ಕೂತಿದ್ದರೆ ಇನ್ನೊಂದು ಕೇಳಬಹುದು: ಸಾಲಿನ ಸಂಖ್ಯೆಯ ಬದಲು ಕೀ ಹಿಡಿದು ಹುಡುಕುವ ಹ್ಯಾಶ್ಡ್ ಟೇಬಲ್ ಮೇಲೆ ಲೂಪ್ ಹಾಕಿದರೆ ಮೂರನೇ ಸುತ್ತಿನಲ್ಲಿ ಸೈ-ಟಾಬಿಕ್ಸ್ ಎಷ್ಟು? ಮೂರು ಅನ್ನಬೇಡಿ. ಹ್ಯಾಶ್ಡ್ ಟೇಬಲ್ಲಿಗೆ ಸಾಲಿನ ಸಂಖ್ಯೆಯೇ ಇಲ್ಲ, ಹಾಗಾಗಿ ಎಲ್ಲ ಸುತ್ತಿನಲ್ಲೂ ಅದು 0.